ಹಿತ್ತಲ ಗಿಡದ ಒಡೆಯ ಯಾರು?

ಕೊಪ್ಪಳ ಸೀಮೆಯ ಮಾತಿನಲ್ಲಿ ಗಿಡಕ್ಕೂ ಮರಕ್ಕೂ ಅಂತರವಿಲ್ಲ. ಅಜ್ಜನ ಕಾಲದಿಂದ ಅಂಗಳದಲ್ಲಿ ನಿಂತಿರುವುದೂ ಬೇವಿನ ಗಿಡ, ಮೊನ್ನೆಯ ಮಳೆಗೆ ಗೋಡೆ ಬದಿಯಲ್ಲಿ ಮೊಳೆತು ನಾಲ್ಕೆಲೆ ಬಿಟ್ಟಿರುವುದೂ ಬೇವಿನ ಗಿಡ. ಹುಣಸಿ ಗಿಡ, ಮಾವಿನ ಗಿಡ, ಆಲದ ಗಿಡ: ಎಷ್ಟೇ ಬೆಳೆದರೂ ಹೆಸರು ಬದಲಾಗದು. ಕಾಯ್ದೆಯ ಭಾಷೆ ಹಾಗಲ್ಲ. ಅದಕ್ಕೆ ಗಿಡ ಕಾಣುವುದಿಲ್ಲ, ವೃಕ್ಷ ಮಾತ್ರ ಕಾಣುತ್ತದೆ. ದೆಹಲಿಯ 1994ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೂ ನೆಲದಿಂದ 30 ಸೆಂಟಿಮೀಟರ್ ಮೇಲೆ ಕಾಂಡದ ಅಡ್ಡಳತೆ 5 ಸೆಂಟಿಮೀಟರ್ ಆಗಿರಬೇಕು, ಎತ್ತರ ಒಂದು ಮೀಟರ್ ಆದರೂ ಇರಬೇಕು ಎಂದು ಅಳತೆಪಟ್ಟಿ ಹಿಡಿದೇ ಹೇಳುತ್ತದೆ. ಖಾಸಗಿ ಜಾಗದ ಮರಗಳನ್ನು ಉಳಿಸಲು ನಮ್ಮಲ್ಲೂ ಹೊರಗೂ ಬಂದಿರುವ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅವು ಗೆದ್ದದ್ದೂ ಸೋತದ್ದೂ ಗಿಡವೊಂದು ವೃಕ್ಷವಾಗುವ ಆ ಮೊದಲ ಕೆಲವು ವರ್ಷಗಳಲ್ಲೇ ಎನಿಸುತ್ತದೆ.

ಒಂದು ಊರು, ನಾಲ್ಕು ಬಾಗಿಲು

ಸಾಣಾಪುರದಿಂದ ಶುರು ಮಾಡೋಣ. ಗಂಗಾವತಿಯಿಂದ ಆನೆಗೊಂದಿ ದಾರಿ ಹಿಡಿದು, ಅಂಜನಾದ್ರಿಯ ಬುಡದ ಹನುಮನಹಳ್ಳಿ ದಾಟಿ ಮುಂದೆ ಹೋದರೆ ಸಿಗುವ ಊರು. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಬಂಡೆಗಲ್ಲಿನ ಗುಡ್ಡಗಳು, ನಡುವೆ ಕಾಲುವೆ ನೀರಿನ ಭತ್ತದ ಗದ್ದೆ, ಬಾಳೆ, ತೆಂಗು, ಹರಿಗೋಲು ತೇಲುವ ಕೆರೆ. ಏಪ್ರಿಲ್ ತಿಂಗಳಲ್ಲಿ ಇಲ್ಲಿನ ಬಂಡೆಗಳು ಹಗಲೆಲ್ಲ ಕಾದು ರಾತ್ರಿಯಿಡೀ ಬಿಸಿ ಉಗುಳುತ್ತವೆ. ಆಗ ಊರಿಗೆ ಆಸರೆಯಾಗುವ ನೆರಳು ಸರ್ಕಾರ ನೆಟ್ಟದ್ದಲ್ಲ. ಮನೆಯಂಗಳದ ಬೇವು, ಕಣದ ಹುಣಸೆ, ಹೋಮ್‌ಸ್ಟೇ ಜೋಪಡಿಗಳ ನಡುವಿನ ಮಾವು, ಹೊಲದ ಅಂಚಿನ ಬನ್ನಿ: ಹೆಚ್ಚಿನವು ಒಬ್ಬೊಬ್ಬರ ಪಟ್ಟಾ ಜಾಗದಲ್ಲಿ ನಿಂತವು.

ಇವುಗಳ ಯೋಗಕ್ಷೇಮ ಯಾರದು ಎಂದು ಕೇಳಿಕೊಂಡು ಹೊರಟರೆ ನಾಲ್ಕು ಬಾಗಿಲು ಬಡಿಯಬೇಕಾಗುತ್ತದೆ. ಮೊದಲನೆಯದು ಗ್ರಾಮ ಪಂಚಾಯಿತಿ. ಅದರ ಮುಖ್ಯ ಚಿಂತೆ ಮನೆ, ನೀರು, ಬೀದಿ ದೀಪ. ಎರಡನೆಯದು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ. ಹಂಪಿ 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಬಿತ್ತು, 2006ರಲ್ಲಿ ಅದರಿಂದ ಪಾರಾಯಿತು. ಆ ಸಂಕಟದ ನಡುವೆ, 2002ರ ಕಾಯ್ದೆಯಿಂದ ಹುಟ್ಟಿದ್ದು ಈ ಪ್ರಾಧಿಕಾರ. ಹೊಳೆಯಾಚೆಯ ಹಂಪಿಯಷ್ಟೇ ಅಲ್ಲ, ಈಚೆಯ ಆನೆಗೊಂದಿ, ಸಾಣಾಪುರದ ಸೀಮೆಯೂ ಅದರ ವ್ಯಾಪ್ತಿಯಲ್ಲಿದೆ. ಕಟ್ಟಡದ ವಿಷಯದಲ್ಲಿ ಅದರ ಕೈ ಎಷ್ಟು ಬಿಗಿ ಎಂಬುದನ್ನು ಜನ ಕಣ್ಣಾರೆ ಕಂಡಿದ್ದಾರೆ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳು ನೆಲಸಮವಾದವು. ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟರೆ ಕೇಳುವವರಿದ್ದಾರೆ; ಹಿತ್ತಲ ಬೇವಿಗೆ ಕೊಡಲಿ ಇಟ್ಟರೆ ಅದೇ ಚುರುಕಿನಲ್ಲಿ ಯಾರೂ ಬರುವುದಿಲ್ಲ.

ಮೂರನೆಯ ಬಾಗಿಲು ಅರಣ್ಯ ಇಲಾಖೆಯದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಊರಿಗೂ ಪಟ್ಟಣಕ್ಕೂ ಒಂದೇ. ಸಾಣಾಪುರದ ಅಂಗಳಕ್ಕೂ ಗಂಗಾವತಿ ನಗರಸಭೆಯ ವಾರ್ಡಿಗೂ ಅದೇ ಅನ್ವಯ. ನಾಲ್ಕನೆಯದು ಕಂದಾಯ ಇಲಾಖೆಯದು, ಮತ್ತು ಅಲ್ಲಿ ಒಂದು ಕುತೂಹಲದ ಸಂಗತಿ ಇದೆ. ಪ್ರತಿ ಪಹಣಿಯಲ್ಲೂ ಸರ್ವೆ ನಂಬರು, ವಿಸ್ತೀರ್ಣ, ಮಣ್ಣಿನ ನಮೂನೆಗಳ ಜೊತೆಗೆ ಮರಗಳಿಗೆಂದೇ ಒಂದು ಅಂಕಣವಿದೆ: ಮರದ ಹೆಸರು, ಅದರ ಸಂಖ್ಯೆ. ಸಾಲಕ್ಕೆ, ಬೆಳೆ ವಿಮೆಗೆ, ಪರಿಹಾರಕ್ಕೆ ಎಂದು ರೈತರು ಪಹಣಿ ತೆಗೆಸುತ್ತಲೇ ಇರುತ್ತಾರೆ. ಆ ಅಂಕಣದತ್ತ ಕಣ್ಣು ಹಾಯಿಸುವವರು ಕಡಿಮೆ. ಹಾಯಿಸಿದರೂ ಎಷ್ಟೋ ಪಹಣಿಗಳಲ್ಲಿ ಅಲ್ಲಿ ಕಾಣುವುದು ಬಿಳಿ ಜಾಗ. ಹೊಲದಲ್ಲಿ ಮರವಿದ್ದರೂ ಕಾಗದದಲ್ಲಿ ಇಲ್ಲ. ಈ ಖಾಲಿ ಅಂಕಣವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಕೊನೆಯಲ್ಲಿ ಇದೇ ಕೆಲಸಕ್ಕೆ ಬರುತ್ತದೆ.

1976ರ ಕಾಯ್ದೆ ಏನು ಹೇಳುತ್ತದೆ?

ಈ ಕಾಯ್ದೆ ಓದಲು ಗಟ್ಟಿಯಾಗಿದೆ. ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಸ್ವಂತ ಜಾಗದ ಮರವನ್ನೂ ಕಡಿಯುವಂತಿಲ್ಲ. ‘ಕಡಿಯುವುದು’ ಎಂಬ ಮಾತಿಗೆ ಅದು ಕೊಟ್ಟ ಅರ್ಥವೂ ಸಣ್ಣದಲ್ಲ. ಬುಡಕ್ಕೆ ಗರಗಸ ಹಾಕುವುದು, ಬೇರು ಸಮೇತ ಕೀಳುವುದು, ಬುಲ್‌ಡೋಜರ್ ಹಾಯಿಸುವುದು, ಕಾಂಡದ ಸುತ್ತ ತೊಗಟೆ ಸುಲಿದು ಒಣಗಿಸುವುದು, ಕೊಂಬೆ ಸವರುವುದು, ತಲೆ ಬೋಳಿಸುವುದು, ವಿಷ ಉಣಿಸುವುದು, ಸುಡುವುದು ಎಲ್ಲವೂ ಅದರಲ್ಲಿ ಬರುತ್ತವೆ. ಕಾಯ್ದೆ ಬರೆದವರಿಗೆ ಮರ ಕೊಲ್ಲುವ ದಾರಿಗಳೆಲ್ಲ ಗೊತ್ತಿದ್ದವು.

ಅನುಮತಿ ಕೊಡಲು ಕಾರಣಗಳನ್ನೂ ಅದು ಪಟ್ಟಿ ಮಾಡಿದೆ. ಮರ ಸತ್ತಿದ್ದರೆ, ರೋಗ ತಗುಲಿದ್ದರೆ, ಗಾಳಿಗೆ ಉರುಳಿದ್ದರೆ, ಬಲಿತು ಕಡಿಯುವ ಹದಕ್ಕೆ ಬಂದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯವಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ ಸಿಡಿಲಿಗೆ ಸಿಕ್ಕಿ ಹಾಳಾಗಿದ್ದರೆ. ಹಳ್ಳಿಗಳಿಗೆ ಇನ್ನೊಂದು ರಿಯಾಯಿತಿ ಉಂಟು: ಉರುವಲು, ಮೇವು, ನೇಗಿಲು ನೊಗಗಳಂಥ ಮನೆಬಳಕೆಗೆ ಬೇಕಾದರೂ ಕೇಳಬಹುದು. ಒಂದು ಕಡಿದರೆ ಬದಲಿಗೆ ನೆಡಬೇಕೆಂಬ ಕಟ್ಟಳೆ ಇದೆ. ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಉರುಳಿಸುವುದಾದರೆ ಮೊದಲು ಪ್ರಕಟಣೆ ಕೊಟ್ಟು ಜನರ ಆಕ್ಷೇಪ ಕೇಳಬೇಕೆಂಬ ನಿಯಮ ಆಮೇಲಿನ ತಿದ್ದುಪಡಿಯಲ್ಲಿ ಬಂತು. ಮೂಲ ಕಾಯ್ದೆ ಬರೆದ ಶಿಕ್ಷೆ ಮೂರು ತಿಂಗಳವರೆಗಿನ ಸೆರೆ ಅಥವಾ 1,000 ರೂಪಾಯಿವರೆಗಿನ ದಂಡ ಅಥವಾ ಎರಡೂ. 1976ರಲ್ಲಿ ಸಾವಿರ ರೂಪಾಯಿ ಎಂದರೆ ಎದೆ ಝಲ್ಲೆನ್ನುವ ಮೊತ್ತ; ಇವತ್ತು ಗರಗಸದವನ ಒಂದು ದಿನದ ಕೂಲಿ.

ಕಾಗದದ ಮೇಲಿನ ಈ ವ್ಯವಸ್ಥೆ ಗಂಗಾವತಿಯ ಒಂದು ಮನೆಯ ಹಿತ್ತಲಲ್ಲಿ ಹೇಗೆ ನಡೆಯುತ್ತದೆ ನೋಡಿ. ಬೇವಿನ ಬೇರು ತಳಪಾಯಕ್ಕೆ ನುಗ್ಗಿ ಗೋಡೆ ಬಿರುಕು ಬಿಟ್ಟಿದೆ ಎಂದುಕೊಳ್ಳೋಣ. ಮನೆಯವರು ಜಾಗದ ದಾಖಲೆ, ಮರದ ಜಾತಿ, ಕಡಿಯಲು ಕಾರಣ ಬರೆದು ಅರ್ಜಿ ಹಾಕಬೇಕು. ಸಿಬ್ಬಂದಿ ಬಂದು ಸ್ಥಳ ನೋಡಬೇಕು. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ದಪ್ಪ ಅಳೆಯಬೇಕು. ಪಂಚನಾಮೆಯಾಗಬೇಕು, ಆದೇಶ ಬರಬೇಕು. ಕಡಿದ ಮೇಲೆ ದಿಮ್ಮಿಯನ್ನು ಸಾ ಮಿಲ್ಲಿಗೆ ಒಯ್ಯಲು ಸಾಗಣೆ ಪರವಾನಗಿಯ ಮಾತು ಬರುತ್ತದೆ. ಒಂದೊಂದು ಹೆಜ್ಜೆಗೂ ಕಾರಣವಿದೆ, ತಪ್ಪೇನಿಲ್ಲ. ಆದರೆ ಇಷ್ಟೆಲ್ಲ ನಡೆಯುವುದನ್ನು ಬೇಲಿಯಾಚೆಯ ಮನೆಯವನು ನೋಡುತ್ತಿರುತ್ತಾನೆ. ಅವನ ಹಿತ್ತಲಲ್ಲೂ ಒಂದು ಬೇವಿನ ಸಸಿ ಮೊಣಕಾಲುದ್ದ ಬೆಳೆದಿದೆ. ‘ನಾಳೆ ನಮಗೂ ಇದೇ ತಾಪತ್ರಯ’ ಎಂದು ಬೆರಳಲ್ಲೇ ಕಿತ್ತು ಎಸೆಯುತ್ತಾನೆ. ಅದು ಅಪರಾಧವಲ್ಲ. ಯಾವ ಲೆಕ್ಕಕ್ಕೂ ಸೇರದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ಗಾದೆಯನ್ನು ಅವನು ತಿರುಗಿಸಿ ಅರ್ಥ ಮಾಡಿಕೊಂಡಿದ್ದಾನೆ: ಮರವಾದ ಮೇಲೆ ಬಗ್ಗಿಸಲಾಗದು, ಗಿಡವಿರುವಾಗಲೇ ಮುಗಿಸು.

ಹಳೆಯ ಪಾಠಗಳು

ಮರಕ್ಕೆ ದಂಡ ಹಾಕುವುದು ಹೊಸ ಮಾತಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪಟ್ಟಣದ ಉದ್ಯಾನಗಳ ಹೂವು, ಹಣ್ಣು, ನೆರಳಿನ ಮರಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ದಂಡವಿದೆ. ಚಿಗುರು ಚಿವುಟಿದರೆ 6 ಪಣ, ಸಣ್ಣ ಕೊಂಬೆಗೆ 12, ದೊಡ್ಡ ಕೊಂಬೆಗೆ 24, ಕಾಂಡಕ್ಕೆ ಕೈಯಿಟ್ಟರೆ ಇನ್ನೂ ದೊಡ್ಡ ದಂಡ. ಎಲ್ಲೆ ಗುರುತಿನ ಮರ, ಪೂಜೆಯ ಮರವಾದರೆ ದುಪ್ಪಟ್ಟು. ನಮ್ಮ 1976ರ ಕಾಯ್ದೆಗಿಂತ ಇದರಲ್ಲಿ ಒಂದು ವಿವೇಕ ಹೆಚ್ಚು. ಚಿಗುರಿಗೂ ಅದರ ಲೆಕ್ಕದಲ್ಲಿ ಬೆಲೆ ಇದೆ, ಎಲ್ಲ ಮರಕ್ಕೂ ಒಂದೇ ತಕ್ಕಡಿ ಇಲ್ಲ.

ಇನ್ನೊಂದು ಪಾಠ ಶ್ರೀಗಂಧದ್ದು. ಟಿಪ್ಪುವಿನ ಕಾಲದಲ್ಲಿ, 1792ರಲ್ಲಿ, ಗಂಧ ರಾಜಮರವಾಯಿತು. ಮೈಸೂರಿನ ಅರಸರೂ ಆಮೇಲಿನ ಸರ್ಕಾರಗಳೂ ಅದನ್ನೇ ಮುಂದುವರಿಸಿದವು. ನೆಲ ರೈತನದು, ಅದರಲ್ಲಿ ಹುಟ್ಟಿದ ಗಂಧ ಸರ್ಕಾರದ್ದು. ಕಳುವಾದರೆ ಮಾತ್ರ ರೈತನೇ ಉತ್ತರ ಹೇಳಬೇಕು. ಇಂಥ ಗಿಡವನ್ನು ಯಾರು ಸಾಕುತ್ತಾರೆ? ಹಕ್ಕಿ ಹಾಕಿದ ಬೀಜ ಬೇಲಿಯಲ್ಲಿ ಮೊಳೆತರೆ ಸದ್ದಿಲ್ಲದೆ ಕಿತ್ತು ಹಾಕುವುದೇ ಜಾಣತನವಾಯಿತು. ಗಂಧದ ನಾಡು ಎನ್ನಿಸಿಕೊಂಡ ಸೀಮೆಯಲ್ಲಿ ಗಂಧ ಅಪರೂಪವಾಗಲು ಕಳ್ಳರಷ್ಟೇ ಕಾರಣರಲ್ಲ. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಗಂಧದ ಮರ ಜಮೀನಿನ ಒಡೆಯನದು ಎಂದಾದ ಮೇಲೆಯೇ ರೈತರು ಗಂಧವನ್ನು ಬೆಳೆಯಾಗಿ ನೆಡಲು ಮುಂದೆ ಬಂದದ್ದು. ಒಡೆತನ ಸಿಕ್ಕಿತು, ಸಸಿ ಉಳಿಯಿತು.

ಈ ಸೀಮೆಯದೇ ಮೂರನೆಯ ನೆನಪೂ ಇದೆ. ಕೊಪ್ಪಳ 1948ರ ಸೆಪ್ಟೆಂಬರ್‌ವರೆಗೂ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಿಂದಿ ಗಿಡ ಎಂದರೆ ಅಬ್ಕಾರಿ ಆದಾಯ, ಅಂದರೆ ಸರ್ಕಾರದ ಬೊಕ್ಕಸ. ವಿಮೋಚನಾ ಹೋರಾಟದ ದಿನಗಳಲ್ಲಿ ಸಿಂದಿ ಗಿಡ ಕಡಿಯುವುದೇ ಒಂದು ಬಗೆಯ ಸತ್ಯಾಗ್ರಹವಾಯಿತು. ಮೈಸೂರು ಸಂಸ್ಥಾನದ ತುರುವನೂರಿನಲ್ಲಿ 1939ರಲ್ಲಿ ನಡೆದ ಈಚಲು ಮರದ ಸತ್ಯಾಗ್ರಹವೂ ಇದೇ ಬಗೆಯದು. ಗಿಡದ ಮೇಲೆ ಜನರಿಗೆ ಸಿಟ್ಟಿರಲಿಲ್ಲ. ಗಿಡ ದೊರೆಯದು ಎಂದಾದ ಕೂಡಲೇ ಕೊಡಲಿಯ ಏಟು ದೊರೆಗೆ ಹಾಕಿದ ಏಟಾಯಿತು.

ವಿನಾಯಿತಿ ಪಟ್ಟಿಯ ಉಪಟಳ

1976ರ ಕಾಯ್ದೆ ಎಲ್ಲ ಮರಗಳನ್ನೂ ಹಿಡಿದು ನಿಲ್ಲಿಸಿಲ್ಲ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್, ಬಳ್ಳಾರಿ ಜಾಲಿ ಮೊದಲಾದವಕ್ಕೆ ಅನುಮತಿ ಬೇಡ. ಬೇಗ ಬೆಳೆಯುವ, ರೈತ ದುಡ್ಡಿಗಾಗಿಯೇ ನೆಡುವ ಮರಗಳಿಗೆ ಯಾಕೆ ತೊಡಕು ಎಂಬ ಯೋಚನೆ ಸರಿಯೇ. ಪರಿಣಾಮ ಮಾತ್ರ ಬೇರೆಯಾಯಿತು. ಕೊಡಗಿನ ಕಾಫಿ ತೋಟಗಳನ್ನು ನೋಡಿ. ಹಲಸು, ನಂದಿ, ಬೀಟೆ, ಅತ್ತಿಗಳ ನೆರಳಿನಲ್ಲಿದ್ದ ತೋಟಗಳಿಗೆ ಸಿಲ್ವರ್ ಓಕ್ ನುಗ್ಗಿತು. ನಾಡಮರ ಬೆಳೆಸಿದರೆ ಅದನ್ನು ಕಡಿಯಲು ಅರ್ಜಿ, ಮಾರಲು ಅರ್ಜಿ. ಅಲ್ಲಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಬಾಣೆಯ ಜಾಗದಲ್ಲಂತೂ ಮರದ ಒಡೆತನವೇ ವ್ಯಾಜ್ಯ. ಆಸ್ಟ್ರೇಲಿಯಾದ ಮರಕ್ಕೆ ಇದಾವುದೂ ಇಲ್ಲ, ಮೆಣಸಿನ ಬಳ್ಳಿಯೂ ಅದಕ್ಕೆ ಹಬ್ಬುತ್ತದೆ. ಬೆಳೆಗಾರ ಲೆಕ್ಕ ಹಾಕಿದ, ಸಿಲ್ವರ್ ಓಕ್ ನೆಟ್ಟ. ನಾಡಮರಗಳನ್ನು ಉಳಿಸಲು ಹೊರಟ ಕಾನೂನು ಅವುಗಳ ಜಾಗಕ್ಕೆ ಪರದೇಶಿ ಮರವನ್ನು ಕರೆತಂದು ಕೂರಿಸಿತು.

ಕೊಪ್ಪಳದ ಬಯಲಿನಲ್ಲಿ ಇದೇ ಕಥೆಗೆ ಬೇರೆ ವೇಷ. ಬೀಳು ಬಿದ್ದ ಜಾಗದಲ್ಲೆಲ್ಲ ಬಳ್ಳಾರಿ ಜಾಲಿ ತಾನೇ ತಾನಾಗಿ ಹಬ್ಬುತ್ತದೆ, ಕಡಿದರೆ ಕೇಳುವವರಿಲ್ಲ, ಕಡಿದಷ್ಟೂ ಚಿಗುರುತ್ತದೆ. ಬನ್ನಿ, ಹುಣಸೆ, ಕರಿಜಾಲಿಗಳು ಹಾಗಲ್ಲ. ಗಂಗಾವತಿಯ ಭತ್ತದ ಬಯಲಿಗೆ ಬಂದರೆ ಇನ್ನೊಂದು ತೊಡಕು. ಬದುವಿನ ಮೇಲೆ ಮರ ಯಾಕೆ ಇಟ್ಟಿಲ್ಲ ಎಂದರೆ ರೈತನ ಉತ್ತರ ಸಿದ್ಧವಾಗಿರುತ್ತದೆ: ‘ಗಿಡಾ ಇಟ್ರ ನೆಳ್ಳಿಗಿ ಭತ್ತ ಬರಂಗಿಲ್ರೀ.’ ಮಾತು ಸುಳ್ಳಲ್ಲ. ನೆರಳು ಬಿದ್ದ ಸಾಲಿನಲ್ಲಿ ತೆನೆ ಕಟ್ಟುವುದು ಕಡಿಮೆ, ಮರದ ಮೇಲೆ ಕೂತ ಹಕ್ಕಿಯ ಕಾಟ ಬೇರೆ. ನೆರಳು ಊರಿಗೆಲ್ಲ ಬೇಕು, ಅದರ ನಷ್ಟ ಮಾತ್ರ ಗದ್ದೆಯವನೊಬ್ಬನದು. ಖಾಸಗಿ ಮರದ ಪ್ರಶ್ನೆಯ ತಿರುಳೇ ಇದು.

ಶಹರಗಳು ಕಲಿತದ್ದು

ನಗರಗಳಲ್ಲಿ ಈ ಜಗಳ ಇನ್ನೂ ತೀಕ್ಷ್ಣ, ಯಾಕೆಂದರೆ ಅಲ್ಲಿ ಮರ ನಿಂತ ಅಡಿ ಜಾಗಕ್ಕೂ ಚಿನ್ನದ ಬೆಲೆ. ಬೆಂಗಳೂರಿನಲ್ಲಿ ವೃಕ್ಷಾಧಿಕಾರಿಯ ಆದೇಶಗಳು ಗಾಳಿಯಲ್ಲಿ ತೇಲಿ ಹೋಗುತ್ತಿವೆ ಎಂದು ಬೆಂಗಳೂರು ಎನ್ವಿರಾನ್‌ಮೆಂಟ್ ಟ್ರಸ್ಟ್ ಮತ್ತು ನಾಗರಿಕರು 2018ರಲ್ಲಿ ಹೈಕೋರ್ಟ್ ಮೆಟ್ಟಿಲು ಹತ್ತಿದರು. ತಜ್ಞರ ಸಮಿತಿ, ಮರಗಣತಿ ಎಲ್ಲವೂ ಆ ಮೊಕದ್ದಮೆಯ ಒತ್ತಡದಿಂದ ಚಾಲನೆ ಪಡೆದವು. ಮರಗಳನ್ನು ಎಣಿಸುವುದು ವೃಕ್ಷ ಪ್ರಾಧಿಕಾರದ ಕರ್ತವ್ಯ ಎಂದು 1976ರಲ್ಲೇ ಬರೆದಿತ್ತು. ನಾಲ್ಕು ದಶಕ ಯಾರೂ ಎಣಿಸಲಿಲ್ಲ. ರಾಜಧಾನಿಯ ಪಾಡೇ ಹೀಗಿರುವಾಗ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹಿತ್ತಲನ್ನು ಎಣಿಸಿದವರು ಯಾರು?

ಮಹಾರಾಷ್ಟ್ರ 1975ರಲ್ಲೇ ನಗರ ಪ್ರದೇಶಗಳಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿತ್ತು. 2021ರ ತಿದ್ದುಪಡಿಯಲ್ಲಿ 50 ವರ್ಷ ದಾಟಿದ ಮರಗಳನ್ನು ಪಾರಂಪರಿಕ ಮರಗಳೆಂದು ಕರೆದು ಬೇರೆ ಸ್ಥಾನ ಕೊಟ್ಟಿತು. ದೆಹಲಿಯಲ್ಲಿ ಇನ್ನೊಂದು ಸೂಕ್ಷ್ಮ ಹೊರಬಿತ್ತು. ಮರ ಕಡಿಯುವುದು ಅಪರಾಧ ಸರಿ, ಬುಡದವರೆಗೂ ಕಾಂಕ್ರೀಟ್ ಹಾಕಿ ಉಸಿರು ಕಟ್ಟಿಸಿದರೆ? 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮರಗಳ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೆಯಬೇಕೆಂದು ಆದೇಶಿಸಿತು. ಗಂಗಾವತಿಯ ಯಾವ ಬಡಾವಣೆಗೆ ಹೋದರೂ ಅಂಗಳಕ್ಕೆ ಟೈಲ್ಸ್ ಹಾಸುವಾಗ ಬೇವಿನ ಬುಡವನ್ನು ಸಿಮೆಂಟಿನಲ್ಲಿ ಒತ್ತಿ ಮುಚ್ಚಿದ್ದು ಕಾಣುತ್ತದೆ. ಕಸ ಬೀಳಬಾರದು, ಗುಡಿಸಲು ಸಲೀಸಾಗಬೇಕು. ಮಳೆನೀರು ಬೇರಿಗೆ ಇಳಿಯದೆ ಮರ ಸೊರಗಿ, ಒಂದು ಬಿರುಗಾಳಿಗೆ ಉರುಳಿದಾಗ ಅದು ‘ನೈಸರ್ಗಿಕ ಕಾರಣ’ವಾಗುತ್ತದೆ.

ಸುಪ್ರೀಂ ಕೋರ್ಟ್ ಈಚೆಗೆ ದಂಡದ ಕಡೆಯನ್ನು ಬಿಗಿಗೊಳಿಸಿದೆ. ಮಥುರಾ ವೃಂದಾವನ ಸೀಮೆಯ ಖಾಸಗಿ ಜಾಗವೊಂದರಲ್ಲಿ 2024ರ ಸೆಪ್ಟೆಂಬರ್‌ನ ಒಂದು ರಾತ್ರಿ 454 ಮರಗಳು ನೆಲಕ್ಕುರುಳಿದವು. ತಾಜ್ ಮಹಲ್ ರಕ್ಷಣೆಗೆಂದು ಗುರುತಿಸಿದ ತಾಜ್ ಟ್ರೆಪೇಜಿಯಂ ವಲಯದ ಜಾಗ ಅದು. 2025ರ ಮಾರ್ಚ್‌ನಲ್ಲಿ ಕೋರ್ಟ್ ಮರಕ್ಕೆ 1 ಲಕ್ಷ ರೂಪಾಯಿಯಂತೆ ದಂಡ ಒಪ್ಪಿತು. ಆ ವಲಯದ ಖಾಸಗಿ, ಕೃಷಿ ಜಮೀನಿನ ಮರಗಳಿಗೆ ಅನುಮತಿ ಬೇಡವೆಂದು 2019ರಲ್ಲಿ ತಾನೇ ಕೊಟ್ಟಿದ್ದ ವಿನಾಯಿತಿಯನ್ನೂ ಹಿಂದಕ್ಕೆ ಪಡೆಯಿತು. ಅದಕ್ಕೂ ಮೊದಲು, 2021ರಲ್ಲಿ, ಪಶ್ಚಿಮ ಬಂಗಾಳದ ರೈಲ್ವೆ ಮೇಲ್ಸೇತುವೆಗಳ ಮೊಕದ್ದಮೆಯಲ್ಲಿ ಕೋರ್ಟ್ ನೇಮಿಸಿದ ತಜ್ಞರು ಒಂದು ಮರದ ಬೆಲೆಯನ್ನು ವರ್ಷಕ್ಕೆ 74,500 ರೂಪಾಯಿ ಎಂದು ಲೆಕ್ಕ ಹಾಕಿದ್ದರು. ಲೋಕಪರಂಪರೆಯ ತಾಣದ ಸುತ್ತಲಿನ ಖಾಸಗಿ ಮರ ಎಂಬ ಮಾತು ಸಾಣಾಪುರಕ್ಕೆ ದೂರದ್ದಲ್ಲ. ಆಗ್ರಾದಲ್ಲಿ ಪ್ರಶ್ನೆ ತಾಜ್‌ನ ಅಮೃತಶಿಲೆ, ಇಲ್ಲಿ ಬಂಡೆ, ನದಿ, ತೋಪು ಸೇರಿದ ಇಡೀ ನೋಟ.

ಕಡಲಾಚೆಯ ಎರಡು ಕ್ರಮ

ಹೊರದೇಶಗಳ ನೂರಾರು ನಿಯಮಗಳಲ್ಲಿ ಎರಡು ಮಾತ್ರ ಇಲ್ಲಿ ಕೆಲಸಕ್ಕೆ ಬರುತ್ತವೆ. ಇಂಗ್ಲೆಂಡಿನಲ್ಲಿ ಎಲ್ಲ ಖಾಸಗಿ ಮರಕ್ಕೂ ಅನುಮತಿ ಬೇಕಿಲ್ಲ. ಊರಿನ ಸೊಬಗಿಗೆ ಬೇಕೆನಿಸಿದ ನಿರ್ದಿಷ್ಟ ಮರದ ಮೇಲೆ ಸ್ಥಳೀಯ ಆಡಳಿತ ಸಂರಕ್ಷಣಾ ಆದೇಶ ಹೊರಡಿಸುತ್ತದೆ, ಒಡೆಯನಿಗೆ ತಿಳಿಸುತ್ತದೆ, ಅವನ ಆಕ್ಷೇಪ ಕೇಳುತ್ತದೆ. ಪಾರಂಪರಿಕ ಪ್ರದೇಶಗಳಲ್ಲಿ ಇನ್ನೊಂದು ದಾರಿ ಇದೆ. ಅಲ್ಲಿ ಮರ ಕಡಿಯುವವನು ಆರು ವಾರ ಮೊದಲು ತಿಳಿಸಬೇಕು. ಆ ಆರು ವಾರದೊಳಗೆ ಬೇಕಾದರೆ ಆಡಳಿತ ಸಂರಕ್ಷಣಾ ಆದೇಶ ಹೊರಡಿಸಲಿ. ಸುಮ್ಮನಿದ್ದರೆ ಒಡೆಯ ತನ್ನ ಕೆಲಸ ಮಾಡಿಕೊಳ್ಳುತ್ತಾನೆ. ಓಡಾಟದ ಭಾರ ಅರ್ಜಿದಾರನ ಮೇಲಿಲ್ಲ, ಗಡುವಿನ ಭಾರ ಕಚೇರಿಯ ಮೇಲಿದೆ. ಸಿಂಗಪುರ 1991ರಲ್ಲಿ ಎರಡು ವೃಕ್ಷ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿ, ಅಲ್ಲಿ ಒಂದು ಮೀಟರಿಗಿಂತ ಹೆಚ್ಚು ಸುತ್ತಳತೆಯ ಮರಗಳಿಗಷ್ಟೇ ಕಾವಲು ಇಟ್ಟಿತು. ಎಲ್ಲವನ್ನೂ ಕಾಯುತ್ತೇನೆಂದು ಹೊರಟು ಯಾವುದನ್ನೂ ಕಾಯದಿರುವುದಕ್ಕಿಂತ, ಆಯ್ದದ್ದನ್ನು ಗಟ್ಟಿಯಾಗಿ ಕಾಯುವುದು ಲೇಸು ಎಂಬುದು ಎರಡರ ತಿರುಳು.

ನಂಬಿಕೆಯ ದಾರಿ

ಪಕ್ಕದ ಕೇರಳ 2005ರಲ್ಲಿ ಅರಣ್ಯೇತರ ಪ್ರದೇಶಗಳಲ್ಲಿ ಮರ ಬೆಳೆಸುವುದನ್ನು ಉತ್ತೇಜಿಸುವ ಕಾಯ್ದೆ ತಂದಿತು. ಗಂಧದಂಥ ಕೆಲವನ್ನು ಬಿಟ್ಟು ಉಳಿದ ಮರಗಳನ್ನು ಬೆಳೆಸುವ ಹಕ್ಕಿನ ಜೊತೆ ಕಡಿಯುವ ಹಕ್ಕನ್ನೂ ಒಡೆಯನಿಗೆ ಕೊಟ್ಟಿತು. ಕೇಂದ್ರ ಸರ್ಕಾರದ 2014ರ ಕೃಷಿ ಅರಣ್ಯ ನೀತಿಯೂ, 2025ರ ಜೂನ್‌ನಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ನಿಯಮಗಳೂ ಅದೇ ದಿಕ್ಕಿನವು: ನೆಟ್ಟಾಗಲೇ ನೋಂದಾಯಿಸು, ಕಡಿಯುವಾಗ ತೊಡಕಿಲ್ಲ. ನಮ್ಮ ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಬದುಕಿ ಉಳಿದ ಸಸಿಗೆ ಮೂರು ವರ್ಷಗಳಲ್ಲಿ 35, 40, 50ರಂತೆ ಒಟ್ಟು 125 ರೂಪಾಯಿ ಕೊಡುತ್ತದೆ. ಮೊತ್ತ ಸಣ್ಣದು, ಅದರ ಹಿಂದಿನ ಬುದ್ಧಿ ದೊಡ್ಡದು. ವೃಕ್ಷವನ್ನಲ್ಲ, ಗಿಡವನ್ನು ನೋಡುವ ಸರ್ಕಾರಿ ಕಾಗದ ಇದೊಂದೇ ಇರಬೇಕು.

ಹಾಗೆಂದು ಎಲ್ಲ ಬಿಗಿಯನ್ನೂ ಸಡಿಲಿಸಿಬಿಟ್ಟರೆ ವೃಂದಾವನದ ಆ ರಾತ್ರಿ ಎಲ್ಲಿ ಬೇಕಾದರೂ ನಡೆದೀತು. ಒಡೆಯ ತಾನೇ ನೆಟ್ಟು ಬೆಳೆಸಿದ ತೇಗ ಬೇರೆ, ಮೂರು ತಲೆಮಾರಿಗೆ ನೆರಳಾದ ಹುಣಸೆ ಬೇರೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಹುಣಸೆಯಂಥ ಮನೆಯ ಮರಕ್ಕೂ ಪರಂಪರೆಯ ಪಟ್ಟ ಸಿಗಬಹುದೆಂದು ಅದು ತೋರಿಸಿತು. ನಮ್ಮ ಊರುಗಳಿಗೆ ತಮ್ಮದೇ ಕಾಯ್ದೆಯೂ ಇದೆ. ದಸರೆಯಲ್ಲಿ ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುವವರು ಆ ಗಿಡಕ್ಕೆ ಕೊಡಲಿ ಹಾಕುವುದಿಲ್ಲ. ಕಟ್ಟೆ ಕಟ್ಟಿಸಿಕೊಂಡ ಅರಳಿಗೂ ಭಯವಿಲ್ಲ. ದೇವರ ಹೆಸರಿಲ್ಲದ ಬೇವು, ಹೊಂಗೆ, ಮಾವುಗಳಿಗೆ ಆ ಕಾವಲು ಸಿಗುವುದಿಲ್ಲ ಅಷ್ಟೇ.

ಈ ದೃಷ್ಟಿಯಿಂದ ಸಾಣಾಪುರಕ್ಕೆ ಒಂದು ಅನುಕೂಲ ಇದೆ. ಇಲ್ಲಿ ನೆರಳಿಗೆ ಗಿರಾಕಿ ಇದ್ದಾರೆ. ಮಾವಿನ ಕೊಂಬೆಗೆ ಜೋಲಿ ಕಟ್ಟಿ, ಬುಡದಲ್ಲಿ ನಾಲ್ಕು ಮೇಜು ಹಾಕಿದರೆ ಪ್ರವಾಸಿಗ ಅಲ್ಲೇ ಕೂರುತ್ತಾನೆ. ಭತ್ತದವನಿಗೆ ನಷ್ಟವಾದ ನೆರಳೇ ಹೋಮ್‌ಸ್ಟೇಯವನಿಗೆ ಬಂಡವಾಳ. ಇನ್ನೆರಡು ಕೋಣೆ ಏರಿಸುವ ಆಸೆ ಬಂದ ದಿನ ಅದೇ ಮಾವು ಅಡ್ಡಿಯಾಗುತ್ತದೆ ನಿಜ. ಆ ಹೊತ್ತಿಗೆ ಸರಿಯಾದ ಮಾತು ಹೇಳುವ ಅಧಿಕಾರ ಹಂಪಿ ಪ್ರಾಧಿಕಾರದ ಕೈಯಲ್ಲಿದೆ, ಕಟ್ಟಡದ ನಕ್ಷೆ ಅದರ ಮುಂದೆಯೇ ಬರಬೇಕು. ನಕ್ಷೆಯಲ್ಲಿ ಬಾವಿ, ಕಂಬ ಗುರುತಿಸಿದಂತೆ ದೊಡ್ಡ ಮರಗಳನ್ನೂ ಗುರುತಿಸಬೇಕೆಂದು, ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಬೇಕೆಂದು ಷರತ್ತು ಹಾಕಿದರೆ ಹೊಸ ಕಾಯ್ದೆ ಬೇಕಾಗದು.

ತೀರ್ಪು

ಇಷ್ಟನ್ನೂ ತೂಗಿ ನೋಡಿದ ಮೇಲೆ ನನಗೆ ಕಾಣುವುದು ಇಷ್ಟು. ಖಾಸಗಿ ಜಾಗದ ಹಳೆಯ ಮರಗಳನ್ನು ಊರೂರಿಗೆ ಪಟ್ಟಿ ಮಾಡಿ, ಒಡೆಯನಿಗೆ ತಿಳಿಸಿ, ಅವಕ್ಕೆ ಮಾತ್ರ ಗಟ್ಟಿ ಕಾವಲು ಬೇಕು. ಅವನ್ನು ಉಳಿಸಿಕೊಂಡವನಿಗೆ ಮನೆ ಕಂದಾಯದಲ್ಲಿ ರಿಯಾಯಿತಿ ಬೇಕು, ಕೊಂದವನಿಗೆ ಕೌಟಿಲ್ಯನ ಹಾಗೆ ಮರದ ಯೋಗ್ಯತೆ ನೋಡಿ ದಂಡ ಬೇಕು. ಉಳಿದ ಮರಗಳಿಗೆ ಗಡುವಿನೊಳಗೆ ಉತ್ತರ ಸಿಗಬೇಕು, ಸಿಗದಿದ್ದರೆ ಅದು ಕಚೇರಿಯ ತಪ್ಪಾಗಬೇಕು, ರೈತನದಲ್ಲ. ಇನ್ನು ಮುಂದೆ ನೆಡುವ ಗಿಡ, ಅದು ಬೇವಾಗಲಿ ಬನ್ನಿಯಾಗಲಿ, ನೆಟ್ಟವನದೇ ಎಂದು ಮೊದಲ ದಿನವೇ ಬರೆದು ಕೊಡಬೇಕು. ಸಿಲ್ವರ್ ಓಕಿಗೆ ಇರುವ ಸ್ವಾತಂತ್ರ್ಯ ನಮ್ಮ ನೆಲದ ಗಿಡಕ್ಕೆ ಇಲ್ಲದಿರುವುದು ನ್ಯಾಯವಲ್ಲ.

ಇದೆಲ್ಲ ಬರೆದಿಡಲು ಹೊಸ ಪುಸ್ತಕ ಬೇಡ. ಪಹಣಿಯ ಆ ಖಾಲಿ ಅಂಕಣ ಕಾಯುತ್ತಲೇ ಇದೆ. ಅಲ್ಲಿ ಗಿಡದ ಹೆಸರು ಬರೆಸಲು ರೈತ ಇವತ್ತು ಹಿಂಜರಿಯುತ್ತಾನೆ, ಬರೆಸಿದರೆ ಸರ್ಕಾರ ಬಂದು ಕೂರುತ್ತದೆ ಎಂದು. ಬರೆಸಿದ್ದರಿಂದ ಲಾಭವೇ ಆಯಿತು ಎಂದು ಅವನು ಹೇಳುವ ದಿನ ಬಂದರೆ ಕಾಯ್ದೆ ಗೆದ್ದಂತೆ. ಅಲ್ಲಿಯವರೆಗೆ ಓದುಗರಿಗೆ ಒಂದು ಮಾತು: ಮುಂದಿನ ಸಲ ಪಹಣಿ ತೆಗೆಸಿದಾಗ ಮರಗಳ ಅಂಕಣದಲ್ಲಿ ಏನಿದೆ ನೋಡಿ, ಆಮೇಲೆ ಹೊರಗೆ ಬಂದು ಹಿತ್ತಲಲ್ಲಿ ಏನಿದೆ ನೋಡಿ. ಎರಡೂ ತಾಳೆಯಾಗದಿದ್ದರೆ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ. ಗೋಡೆ ಬದಿಯ ಬೇವಿನ ಸಸಿಯನ್ನು ಮಾತ್ರ ಅಷ್ಟರಲ್ಲಿ ಕೀಳಬೇಡಿ.